ಸಣ್ಣದೊಂದು ಶುಚಿ ಕೆಲಸ

ಬೆಳಗಿನ ಜಾವದ ಹೊತ್ತಿಗೆ ಗಾಳಿ ವಾಯವ್ಯಕ್ಕೆ ತಿರುಗಿತ್ತು. ಹಿಂದಿನ ದಿನವೆಲ್ಲ ಸಮುದ್ರದ ಮೇಲೆ ಅಲ್ಲಾಡದೆ ನಿಂತಿದ್ದ ಸೀಸದ ಬಣ್ಣದ ಮೋಡ ಈಗ ಯಾರೋ ಬೆನ್ನಿಗೆ ಕೈಕೊಟ್ಟು ದೂಡಿದ ಹಾಗೆ ಅಲೆಕ್ಸಾಂಡ್ರಿಯಾದ ಮೇಲೆ ಹೊರಟುಬಂದಿತ್ತು. ಪಂಚಾಂಗದ ಪ್ರಕಾರ ‘ಪೊರಕೆ’ ಗಾಳಿಗೆ ಇನ್ನೂ ಎರಡು ದಿನವಿತ್ತು. ಈ ವರ್ಷ ಅದು ಮೊದಲೇ ಬಂದು ಬೀದಿ ಗುಡಿಸಲು ಶುರುಮಾಡಿತ್ತು. ಲುತ್ಫಿ ಚಾಪೆಯ ಮೇಲೆ ಹಣೆಯಿಟ್ಟಿದ್ದಾಗ ಅಡುಗೆಮನೆಯ ಕಿಟಕಿ ಒಮ್ಮೆ ದಡ್ಡನೆ ಬಡಿಯಿತು. ತಲೆಯೆತ್ತಿದವನಿಗೆ ತಾನು ಬಾಗಿದ್ದು ಮೊದಲನೆಯ ಸಲವೋ ಎರಡನೆಯ ಸಲವೋ ಮರೆತುಹೋಗಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಇರುವುದೇ ಎರಡು ಸುತ್ತು. ಎರಡರವರೆಗೆ ಎಣಿಸಲಾಗದವನು ಇಡೀ ಕರಾವಳಿಯ ಅಲೆಗಳನ್ನು ಎಣಿಸುತ್ತಾನೆ ಎಂದುಕೊಂಡು, ಮತ್ತೆ ಮೊದಲಿಂದ ನಿಂತ. ಹತ್ತೊಂಬತ್ತು ದಿನಗಳಿಂದ ಹೀಗೇ ಆಗುತ್ತಿತ್ತು. ಹೆಂಡತಿ ತಂಗಿಯ ಬಾಣಂತನಕ್ಕೆಂದು ದಮನ್ಹೂರಿಗೆ ಹೋಗಿದ್ದಳು, ಇದ್ದಿದ್ದರೆ ಕೇಳುತ್ತಿದ್ದಳು. ಕೇಳುವವರಿಲ್ಲದ್ದು ಒಂದು ಸಮಾಧಾನವೆನಿಸಿ, ಹಾಗೆನಿಸಿದ್ದಕ್ಕೆ ನಾಚಿಕೆಯಾಯಿತು. ಚಿಕ್ಕವನಿದ್ದಾಗ ಇದ್ಕೂ ಕೆರೆಯ ದಂಡೆಯಲ್ಲಿ ಬಲೆ ಬಿಚ್ಚುತ್ತ ಅಜ್ಜಿ ಹೇಳುತ್ತಿದ್ದಳು: ಮನುಷ್ಯನ ಬಲ ಹೆಗಲಿನ ಮೇಲೆ ಒಳ್ಳೆಯದನ್ನು ಬರೆಯುವವನೊಬ್ಬ, ಎಡ ಹೆಗಲಿನ ಮೇಲೆ ಕೆಟ್ಟದ್ದನ್ನು ಬರೆಯುವವನೊಬ್ಬ, ಇಬ್ಬರು ದೂತರು ಕೂತಿರುತ್ತಾರೆ ಮಗಾ, ಅವರಿಗೆ ನಿದ್ದೆ ಇಲ್ಲ, ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತಾರೆ, ಚಂದ ಮಾಡಿ ಬರೆಯಲು ಅವರಿಗೆ ಬರುವುದಿಲ್ಲ. ಲುತ್ಫಿ ಚಾಪೆ ಮಡಿಸಿದ. ಎಡ ಹೆಗಲು ತುಸು ನೋಯುತ್ತಿತ್ತು, ಚಳಿಗೆ ಇರಬೇಕು.

ಮೆಟ್ಟಿಲಿಳಿಯುವಾಗ ಮೂರನೆಯ ಮಹಡಿಯಲ್ಲಿ ಜಗಳ ಕಾಯುತ್ತಿತ್ತು. ಬಲಗಡೆಯ ಬಾಗಿಲಲ್ಲಿ ಹೊಸದಾಗಿ ಬಂದ ರಾವಿಯಾ ಮೇಡಂ ಕೈಯಲ್ಲೊಂದು ಚೀಲ ತೂಗಿಸಿಕೊಂಡು ನಿಂತಿದ್ದರು. ಎದುರಿಗೆ ಕಟ್ಟಡದ ಕಾವಲುಗಾರ ಬಖೀತ್, ಮುಂಡಾಸು ಕಿವಿಯವರೆಗೂ ಇಳಿಬಿಟ್ಟುಕೊಂಡು.

“ಮತ್ತೆ ಉಪ್ಪಿಲ್ಲದ ಚೀಸು, ಮತ್ತೆ ಈ ಒಣ ರೊಟ್ಟಿ! ನನಗೇನು ಎದೆ ಕಾಯಿಲೇನಾ ಬಖೀತ್?”

“ಮೂರನೇ ಮಹಡಿ ಬಲಗಡೆ ಬಾಗ್ಲು ಅಂದ್ರೆ ಇದೇ ಅಲ್ವಾ ತಾಯಿ? ಆರು ವರ್ಷದಿಂದ ಇಲ್ಲಿಗೆ ಇದನ್ನೇ ತಂದಿಡ್ತಿದೀನಿ.”

“ಆ ಮುದುಕರು ಮಗಳ ಮನೆಗೆ ಹೋಗಿ ನಾಲ್ಕು ತಿಂಗಳಾಯ್ತು ಕಣಯ್ಯಾ! ಬಾಗಿಲು ಅದೇ, ಒಳಗಿರೋರು ಬೇರೆ!”

“ನನ್ನ ತಲೇಲಿ ಬಾಗ್ಲು ಮಾತ್ರ ಇರೋದು ತಾಯಿ. ಮುಖ ಎಲ್ಲಿ ನೆನಪಿರುತ್ತೆ?”

“ಸರಿ, ನಾಳೆ ಅವರ ಮಾತ್ರೆನೂ ನನಗೇ ನುಂಗಿಸು!”

ಬಖೀತ್ ಲುತ್ಫಿಯನ್ನು ಕಂಡು ಸಾಕ್ಷಿ ಸಿಕ್ಕವನಂತೆ ತಿರುಗಿದ. “ನೀವೇ ಹೇಳಿ ಇಂಜಿನಿಯರ್ ಸಾಹೇಬ್ರೇ, ನಂದೇನು ತಪ್ಪು? ಹೋಗೋರು ಒಂದ್ಮಾತು ಹೇಳಿ ಹೋಗ್ಬೇಕೋ ಬೇಡ್ವೋ?”

“ಪಟ್ಟಿ ಇಟ್ಕೊಂಡವನದ್ದೇ ತಪ್ಪು,” ಎಂದ ಲುತ್ಫಿ. “ಖಾಲಿ ಮಾಡಿದ ದಿನಾನೇ ಹೊಡೆದುಹಾಕ್ಬೇಕಿತ್ತು.” ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಹೊರಟಿತ್ತು. ಬಖೀತ್ ಚೀಲವನ್ನು ಇಸಿದುಕೊಂಡು, ಬೈಸಿಕೊಂಡ ಮುದಿ ನಾಯಿಯ ಹಾಗೆ ಗೋಡೆಯ ಬದಿಗೆ ಸರಿದು ಅವನಿಗೆ ದಾರಿ ಬಿಟ್ಟ.

ಟ್ರಾಮಿನ ಕಿಟಕಿಯ ಗಾಜಿನ ಮೇಲೆ ಮಳೆ ಓರೆಯಾಗಿ ಗೀಚುತ್ತಿತ್ತು. ಬಡ ಬಖೀತನಿಗೆ ಯಾಕೆ ಹಾಗಂದೆ? ಅವನ ತಪ್ಪಿಗೆ ಒಬ್ಬ ಹೆಂಗಸು ಸಪ್ಪೆ ಚೀಸು ತಿಂದದ್ದು, ಅಷ್ಟೇ. ತನ್ನದು ಹಾಗಲ್ಲ. ಕರಾವಳಿಯ ಅಲೆಗಳ ಎತ್ತರವನ್ನು ದಿನಾ ಮುಂಚಿತವಾಗಿ ಲೆಕ್ಕ ಹಾಕಿ ತಿಳಿಸುವ ಲುತ್ಫಿಯ ಸಂಸ್ಥೆಯ ಮುಖ್ಯ ಯಂತ್ರದ, ಆ ದೊಡ್ಡ ಕಂಪ್ಯೂಟರಿನ, ಹೊಟ್ಟೆಯಲ್ಲಿ ಒಂದು ಕಾರ್ಡು ಕೂತಿದೆ. ಅಲೆಗಳ ಲೆಕ್ಕವನ್ನೆಲ್ಲ ಅದು ಮಾಡುತ್ತದೆ, ಯಜಮಾನಿಕೆ ಮಾತ್ರ ಮುಖ್ಯ ಯಂತ್ರದ್ದು. ಇಬ್ಬರ ನೆನಪೂ ಬೇರೆ. ಪಾಯಿಂಟರ್ ಅಂದರೆ ನೆನಪಿನೊಳಗಿನ ಒಂದು ಮನೆಯ ವಿಳಾಸ. ಈ ಕಡೆಯ ವಿಳಾಸ ಆ ಕಡೆ ನಡೆಯುವುದಿಲ್ಲ. ಆ ಕಡೆಯದನ್ನು ಈ ಕಡೆಯವನು ಚೀಟಿಯ ಹಾಗೆ ಜೇಬಿನಲ್ಲಿಟ್ಟುಕೊಳ್ಳಬಹುದು, ಕೇಳಿದಾಗ ಕಾರ್ಡಿಗೆ ತೋರಿಸಬಹುದು, ಆದರೆ ತಾನೇ ಆ ಬಾಗಿಲು ತೆರೆದು ಇಣುಕುವ ಹಾಗಿಲ್ಲ. ಇಣುಕಿದರೆ ಕೆಲಸ ಅಲ್ಲೇ ಸತ್ತು ಬೀಳುತ್ತದೆ. ಹಾಗಾಗಿ ಏನು ಬೇಕಾದರೂ ಇಲ್ಲಿಂದ ಅಲ್ಲಿಗೆ ಹೊತ್ತು ಸಾಗಿಸಬೇಕು, ಅಲ್ಲಿಂದ ಇಲ್ಲಿಗೆ ಹೊತ್ತು ತರಬೇಕು. ಹೊರುವುದರಲ್ಲೇ ಹೊತ್ತು ಹೋಗುತ್ತದೆ. ಎರಡು ಚಳಿಗಾಲದ ಹಿಂದೆ ಲುತ್ಫಿ ಒಂದು ಜೋಡಿಪಟ್ಟಿ ಬರೆದ: ಎಡಗಡೆ ಇಲ್ಲಿಯ ವಿಳಾಸ, ಬಲಗಡೆ ಅಲ್ಲಿಯ ವಿಳಾಸ. ಯಾವುದನ್ನಾದರೂ ಸಾಗಿಸುವ ಮೊದಲು ಪಟ್ಟಿ ನೋಡು. ಈ ವಿಳಾಸದ್ದು ಆಗಲೇ ಅಲ್ಲಿದೆಯೋ, ಮತ್ತೆ ಹೊರಬೇಡ. ನಲವತ್ತು ನಿಮಿಷದ ಕೆಲಸ ಒಂಬತ್ತು ನಿಮಿಷಕ್ಕಿಳಿಯಿತು. ನಿರ್ದೇಶಕ ಡಾಕ್ಟರ್ ಸಾಬಿತ್ ಅವತ್ತು ಎಲ್ಲರಿಗೂ ಬಸ್ಬೂಸಾ ಹಂಚಿಸಿದರು. ಆ ಸಿಹಿಯ ತುಪ್ಪ ಬೆರಳಿಗೆ ಅಂಟಿದ್ದು ಈಗಲೂ ನೆನಪಿದೆ. ಪಟ್ಟಿಗೆ ಸೇರಿಸುವುದನ್ನು ಬರೆದ ಕೈ, ಖಾಲಿ ಮಾಡಿ ಹೊರಟಾಗ ಹೊಡೆದುಹಾಕುವುದನ್ನು ಬರೆದಿರಲಿಲ್ಲ.

ಒಂದು ವರ್ಷ ಏನೂ ಆಗಲಿಲ್ಲ, ಏಕೆಂದರೆ ಯಾವ ಎರಡು ತೀರಗಳೂ ಒಂದೇ ಅಳತೆಯವಾಗಿರಲಿಲ್ಲ, ಒಂದು ಬಿಟ್ಟುಹೋದ ಮನೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ದಿನಾ ಮೊದಲು ರಶೀದ್ ಊರಿನ ತೀರದ ಲೆಕ್ಕ, ಅದು ಮುಗಿದು ಜಾಗ ಖಾಲಿಯಾದ ಮೇಲೆ ಮೆಕ್ಸ್ ಅಳಿವೆಯ ಲೆಕ್ಕ. ಆಮೇಲೆ ಸಂಸ್ಥೆಗೆ ಹೊಸ ಇಂಜಿನಿಯರ್ ಇನ್ಶಿರಾಹ್ ಬಂದಳು. ಇಡೀ ಬೇಸಿಗೆ ಮೆಕ್ಸಿನ ಮೀನುಗಾರರ ದೋಣಿಯಲ್ಲಿ ಕೂತು, ಮುಖದ ಚರ್ಮ ಸುಲಿಸಿಕೊಂಡು, ಅಳಿವೆಯ ಬಾಯಿಯ ಆಳವನ್ನು ಮೊಳಮೊಳವೂ ಅಳೆದಳು. ಹಳೆಯ ನಕ್ಷೆ ಬರೆದ ಮೇಲೆ ಅಲ್ಲೊಂದು ಮರಳದಿಬ್ಬ ಬೆಳೆದಿದೆ, ವಾಯವ್ಯದ ಅಲೆ ಅದರ ಮೇಲೆ ಹತ್ತಿ ನಿಲ್ಲುತ್ತದೆ ಎಂದಳು. ರಶೀದಿನ ಜೊತೆ ಅಚ್ಚುಕಟ್ಟಾಗಿ ಹೊಂದಲಿ ಎಂದು ಲೆಕ್ಕಕ್ಕಾಗಿ ನಕ್ಷೆಯ ಮೇಲೆ ಬಲೆಯಂತೆ ಹಾಸುವ ಚೌಕಗಳನ್ನು, ತನ್ನ ಬಲೆಗಣ್ಣುಗಳನ್ನು, ರಶೀದಿನಷ್ಟೇ ಎಣಿಕೆಗೆ ತಂದಳು. ಅವಳ ಅಚ್ಚುಕಟ್ಟೇ ಅವಳಿಗೆ ಮುಳುವಾಯಿತು. ರಶೀದ್ ಖಾಲಿಮಾಡಿದ ಮನೆ ಅದೇ ಅಳತೆಯದಾದ್ದರಿಂದ ಮೆಕ್ಸಿಗೆ ಅದೇ ವಿಳಾಸ ಸಿಕ್ಕಿತು. ಪಟ್ಟಿ ನೋಡಿ ‘ಇವರದ್ದು ಆಗಲೇ ಅಲ್ಲಿದೆ’ ಎಂದಿತು. ಅವಳು ಅಳೆದ ಆಳ ಈ ಕಡೆಯೇ ಉಳಿದು, ಆ ಕಡೆ ಕಾರ್ಡು ರಶೀದಿನ ತಳದ ಮೇಲೆ ಮೆಕ್ಸಿನ ಅಲೆಯನ್ನು ಓಡಿಸಿತು. ಜನವರಿಯ ಒಂದು ಬೆಳಿಗ್ಗೆ ವರದಿ ಅಳಿವೆಯಲ್ಲಿ ಅಲೆ ಒಂದು ಮೀಟರ್ ಎಂದಿತು. ಹತ್ತು ಗಂಟೆಗೆ ಇನ್ಶಿರಾಹ್ ಎಂದಿನಂತೆ ದೋಣಿಗಳ ಹಿರಿಯ ರೈಯಿಸ್ ಗಾಬಿರನಿಗೆ ಫೋನು ಮಾಡಿ ಒಂದು ಮೀಟರ್ ಎಂದಳು. ಹನ್ನೊಂದಕ್ಕೆ ಗಾಬಿರನ ದೋಣಿ ಕಲ್ಲಿಗೆ ಬಡಿದು ಎರಡಾಯಿತು. ಅದರಲ್ಲಿದ್ದ ಮೂವರೂ ಈಜಿ ದಡ ಸೇರಿದರು, ದೇವರ ದಯೆ.

ವಿಚಾರಣೆಯ ದಿನ ಉದ್ದ ಮೇಜಿನ ಆ ತುದಿಯಲ್ಲಿ ಅವಳು ಕೂತಿದ್ದಳು. ಹಳೆಯ ನಕ್ಷೆ ಇದ್ದಾಗ ಸರಿ ಇತ್ತು, ಇವಳ ಅಳತೆ ಬಂದ ಮೇಲೆ ತಪ್ಪಾಯಿತು, ಇನ್ನೇನು ಕೇಳುವುದಿದೆ ಎಂದರು ಎಲ್ಲರೂ. ಲುತ್ಫಿ ತನ್ನ ಭಾಗ ಎಲ್ಲ ಪರೀಕ್ಷೆ ದಾಟಿದೆ ಎಂದ. ಅವತ್ತು ಅದು ಸುಳ್ಳಾಗಿರಲಿಲ್ಲ. ಅವಳು ಅವನ ಕಡೆ ತಿರುಗಿ, “ಸರ್, ರಶೀದ್ ಬಿಟ್ಟು ಮೆಕ್ಸ್ ಒಂದನ್ನೇ ಒಂದ್ಸಲ ಬೇರೆ ಓಡಿಸಿ ನೋಡ್ತೀರಾ?” ಎಂದು ಕೇಳಿದಳು. ಅಷ್ಟೇ ಕೇಳಿದ್ದು. ಒಂಬತ್ತು ನಿಮಿಷವೂ ಬೇಡದ ಕೆಲಸ. ಅವನಿಗೆ ಯಾಕೋ ಮೈಯುರಿಯಿತು. “ಸಮುದ್ರದ ತಳ ನೀನು ನೋಡ್ಕೋ ತಾಯಿ, ಯಂತ್ರದ ತಳ ನಾನು ನೋಡ್ಕೋತೀನಿ. ಅದಾದ್ರೂ ಇದ್ದಲ್ಲೇ ಇರುತ್ತೆ,” ಎಂದ. ಮೇಜಿನ ಸುತ್ತ ನಗು ಎದ್ದಿತು. ಅವಳೂ ನಗಲು ಪ್ರಯತ್ನಿಸಿದಳು, ಅದೇ ಈಗ ಕಣ್ಣಿಗೆ ಕಟ್ಟುವುದು. ಅವಳನ್ನು ಸಮುದ್ರದೊಳಕ್ಕೆ ಚಾಚಿದ ಅಲೆತಡೆ ಕಟ್ಟೆಯ ತುದಿಯ ಅಳತೆಗೂಡಿಗೆ ಹಾಕಿದರು: ನೀರಿನಲ್ಲಿ ನೆಟ್ಟ ಗೆರೆಕಂಬವನ್ನು ಗಂಟೆಗೊಮ್ಮೆ ನೋಡಿ ಬರೆಯುವ ಕೆಲಸ. ಹಳೆಯ ನಕ್ಷೆ ವಾಪಸು ಬಂತು. ಹತ್ತು ಗಂಟೆಯ ಫೋನು ಲುತ್ಫಿಯ ಪಾಲಿಗೆ ಬಂತು.

ಹತ್ತೊಂಬತ್ತು ದಿನದ ಹಿಂದೆ ರಶೀದಿನಷ್ಟೇ ಅಳತೆಯ ಮೂರನೆಯದೊಂದು ತೀರ ಸೇರಿಸುವಾಗ, ಇದ್ಕೂವಿನ ತಳದಲ್ಲಿ ರಶೀದಿನ ತಳ ಎದ್ದು ಬಂತು. ತನ್ನ ಹುಟ್ಟೂರಿನ ನೀರಿನಡಿಯಲ್ಲಿ ಬೇರೆ ಊರು. ಐದೇ ನಿಮಿಷದಲ್ಲಿ ಎಲ್ಲ ಗೊತ್ತಾಯಿತು. ಬೆವರು ಬರುತ್ತದೆ ಅಂದುಕೊಂಡಿದ್ದ, ಬರಲಿಲ್ಲ. ಒಂದು ಸಾಲು ಬರೆದ, ಖಾಲಿಮಾಡಿದಾಗ ಪಟ್ಟಿಯಿಂದ ಹೊಡೆದುಹಾಕುವ ಸಾಲು. ಮಾಡಿದ ಪ್ರತಿ ಬದಲಾವಣೆಗೂ ದಾಖಲೆಯಲ್ಲಿ ಒಂದು ಟಿಪ್ಪಣಿ ಬರೆಯಬೇಕಿತ್ತು. ಬೆರಳು ತಾನಾಗಿಯೇ ಬರೆಯಿತು: ‘ಸಣ್ಣದೊಂದು ಶುಚಿ ಕೆಲಸ.’ ಆಮೇಲೆ ಎದ್ದು ಚಹಾ ಕುಡಿದ. ಪುದೀನ ಹಾಕಿಸಿಕೊಂಡೇ ಕುಡಿದ.

ಅನ್ಫೂಷಿಯ ಸಂಸ್ಥೆಯನ್ನು ತಲುಪುವಾಗ ಒಂಬತ್ತಕ್ಕೆ ಕಾಲು ಗಂಟೆ ಇತ್ತು. ವರದಿ ಸಿದ್ಧವಾಗಿತ್ತು: ಮೆಕ್ಸ್ ಅಳಿವೆ, ಹಳೆಯ ನಕ್ಷೆ, ಒಂದೂವರೆ ಮೀಟರ್. ಅಲೆ ಒಂದೂವರೆ ಮೀಟರ್ ಎಂದರೆ ಗಾಬಿರನ ಜನ ದೋಣಿ ಬಿಡುತ್ತಾರೆ. ಬಿರುಗಾಳಿ ಬಲಿಯುವ ಮೊದಲು ಹೊರಗೆ ಹಾಕಿದ ಬಲೆಗಳನ್ನು ಎತ್ತಿ ತರಲು ಇವತ್ತು ಇನ್ನೂ ಬೇಗ ಬಿಡುತ್ತಾರೆ. ಲುತ್ಫಿ ಅಂಗಿಯ ನೀರು ಕೂಡ ಒರೆಸಿಕೊಳ್ಳದೆ ಕೂತು, ಇನ್ಶಿರಾಹ್ ಅಳೆದ ಆಳಗಳನ್ನು ಹಾಕಿ ಓಡಿಸಿದ. ಪರದೆ ನೋಡುತ್ತ ಕೂತಿದ್ದಾಗ, ಎರಡು ಮೀಟರಿನೊಳಗೇ ಬರಲಿ, ಒಂದೂವರೆಯೇ ಬರಲಿ ಎಂದು ಮನಸ್ಸು ಬೇಡುತ್ತಿರುವುದು ಅವನಿಗೆ ಕೇಳಿಸಿತು. ಹಾಗೆ ಬಂದರೆ ಹೇಳಬೇಕಾದ್ದೇ ಇರುವುದಿಲ್ಲ. ಎರಡು ಪಾಯಿಂಟ್ ಎಂಟು ಬಂತು.

ಡಾಕ್ಟರ್ ಸಾಬಿತ್ ಕನ್ನಡಕ ಹಣೆಗೇರಿಸಿ ಕಾಗದ ನೋಡಿದರು. “ಆ ಹುಡುಗಿ ಅಳತೆ ಯಾಕಪ್ಪ ಮತ್ತೆ ತೆಗೆದೆ? ಹೂತ ಹೆಣ.”

“ಅವಳ ಅಳತೆ ಸರಿ ಇದೆ ಡಾಕ್ಟರ್. ಜನವರಿಲೂ ಸರಿ ಇತ್ತು. ನನ್ನ ಪಟ್ಟಿ ಹಳೇ ವಿಳಾಸ ಹಿಡ್ಕೊಂಡು ಕೂತಿತ್ತು.”

ಹೊರಗೆ ಒಂದು ಡಬ್ಬ ಉರುಳಿಕೊಂಡು ಹೋಯಿತು. “ಈಗ ಸರಿ ಮಾಡಿದೀಯಾ?”

“ಮಾಡಿದೀನಿ.”

“ಮುಗೀತಲ್ಲ. ಹೊಸ ಅಳತೆ ಅಂತ ಹೇಳಿ ನಿಧಾನಕ್ಕೆ ಒಳಗೆ ಸೇರ್ಸು, ಬೇಸಿಗೆ ಹೊತ್ತಿಗೆ ಅವಳನ್ನೂ ಒಳಗೆ ಕರ್ಕೊಳ್ಳೋಣ. ಈಗ ಬಾಯಿ ಬಿಟ್ರೆ ವಿಚಾರಣೆ ಮತ್ತೆ ಕೂರುತ್ತೆ. ನಿನಗೆ ರಿಟೈರಾಗೋಕೆ ಮೂರು ವರ್ಷ ಉಳಿದಿದೆ ಲುತ್ಫಿ. ನನಗೆ ಒಂದೇ.” ಗದರಿಸುವ ದನಿಯಲ್ಲ, ಚಳಿಗೆ ಮಫ್ಲರ್ ಕಟ್ಟಿಕೋ ಎನ್ನುವ ಹಿರಿಯಣ್ಣನ ದನಿ. ಅದೇ ಕಷ್ಟವಾದದ್ದು. ಆ ದನಿಯೊಳಗೆ ಹೊಕ್ಕು ಬೆಚ್ಚಗೆ ಕೂರಬಹುದಿತ್ತು.

“ಇವತ್ತು ದೋಣಿ ಬಿಡ್ತಾರಲ್ಲ ಡಾಕ್ಟರ್.”

“ಹೋಗಬೇಡಿ ಅನ್ನು.”

“ಯಾಕೆ ಅಂತ ಕೇಳ್ತಾರೆ. ವರದಿ ಒಂದೂವರೆ ಅಂತಿದೆ. ಎರಡು ಮುಕ್ಕಾಲು ಬರೋದು ಅವಳ ಅಳತೇಲಿ, ಆ ಅಳತೆ ತಪ್ಪು ಅಂತ ನಾವೇ ಹೇಳಿಟ್ಟಿದೀವಿ.”

ಡಾಕ್ಟರ್ ಸಾಬಿತ್ ಕನ್ನಡಕ ಕೆಳಗಿಳಿಸಿ ಕಾಗದವನ್ನು ಮೇಜಿನ ಈ ಬದಿಗೆ ಸರಿಸಿದರು.

ಲುತ್ಫಿ ತನ್ನ ಕುರ್ಚಿಗೆ ಬಂದು ದಾಖಲೆ ತೆರೆದ. ಹತ್ತೊಂಬತ್ತು ದಿನದ ಹಿಂದಿನ ಟಿಪ್ಪಣಿ ಇದ್ದಲ್ಲೇ ಇತ್ತು. ಅದನ್ನು ಅಳಿಸಲು ಬರುವುದಿಲ್ಲ. ಅದರ ಕೆಳಗೆ ಇನ್ನೊಂದು ಬರೆಯಬಹುದಷ್ಟೆ. ಆಗಿದ್ದನ್ನು ಆದ ಹಾಗೆ ಬರೆದ. ಯಾರ ಪಟ್ಟಿ, ಯಾರ ಆಳ, ಯಾವ ದಿನ, ಯಾವ ದೋಣಿ. ಯಾರು ಕೇಳಿದ್ದರು, ಯಾರು ನಗಿಸಿದ್ದರು ಎನ್ನುವುದನ್ನೂ ಬರೆದ. ಅದು ಇಂಥ ದಾಖಲೆಗೆ ಸೇರುವ ಮಾತಲ್ಲವೆಂದು ಗೊತ್ತಿತ್ತು. ಕೆಳಗೆ ಪೂರ್ತಿ ಹೆಸರು ಹಾಕಿದ. ಎದೆ ಹಗುರಾಗಲಿಲ್ಲ. ಗಡಿಯಾರದಲ್ಲಿ ಹತ್ತಕ್ಕೆ ಹದಿನೆಂಟು ನಿಮಿಷವಿತ್ತು.

ಅಲೆತಡೆ ಕಟ್ಟೆಯ ಮೇಲೆ ಅಲೆಯ ಎರಚಲು ಆಳೆತ್ತರ ಹಾರುತ್ತಿತ್ತು. ಲುತ್ಫಿ ಕಾಗದವನ್ನು ಕೋಟಿನೊಳಗೆ ಎದೆಗೊತ್ತಿ ಹಿಡಿದು ಓರೆಯಾಗಿ ನಡೆದ. ಅಳತೆಗೂಡು ಒಬ್ಬರು ಕೂರುವಷ್ಟೇ. ಇಬ್ಬರಾದರೆ ಒಬ್ಬರು ಬಾಗಿಲಲ್ಲಿ ನೆನೆಯಬೇಕು. ಅವನು ಬಾಗಿಲಲ್ಲಿ ನಿಂತ. ಇನ್ಶಿರಾಹ್ ಉಣ್ಣೆಯ ಶಾಲಿನ ಮೇಲೆ ಮಳೆಯಂಗಿ ಹಾಕಿಕೊಂಡು ಕಿಂಡಿಯಿಂದ ಗೆರೆಕಂಬ ನೋಡುತ್ತಿದ್ದಳು. ಹತ್ತು ತಿಂಗಳಲ್ಲಿ ಅವನು ಇಲ್ಲಿಗೆ ಬಂದದ್ದು ಇದೇ ಮೊದಲು.

“ಒಳಗೆ ಬನ್ನಿ ಸರ್, ನೆನೀತೀರ.”

“ಪರವಾಗಿಲ್ಲ.” ಅವನು ಕಾಗದ ಕೊಟ್ಟ. ಒಂದು ಮೂಲೆ ಒದ್ದೆಯಾಗಿತ್ತು. ಅವಳು ಅದನ್ನು ನೋಡಿದಳು. ಅಂಕಿಗಿಂತ ಮೊದಲು ಬಲೆಗಣ್ಣಿನ ಎಣಿಕೆ ನೋಡಿದಳು, ಆಮೇಲೆ ಆಳ, ಆಮೇಲೆ ಅಲೆ. ಅವನು ಪಟ್ಟಿಯ ಕಥೆಯನ್ನು ನಾಲ್ಕು ಮಾತಲ್ಲಿ ಹೇಳಿದ. ಮನೆಯಲ್ಲಿ, ಟ್ರಾಮಿನಲ್ಲಿ ಇದನ್ನೇ ನೂರು ಮಾತಲ್ಲಿ ಹೇಳಿ ನೋಡಿದ್ದ.

“ನಿಮಗೆ ಯಾವಾಗ ಗೊತ್ತಾಯ್ತು?”

“ಹತ್ತೊಂಬತ್ತು ದಿನ ಆಯ್ತು.”

“ನಾನು ಜನವರಿಲೇ ಕೇಳಿದ್ದೆ.”

“ಹೌದು, ನೀನು ಕೇಳಿದ್ದೆ.”

“ಎಲ್ರೂ ನಕ್ಕಿದ್ರು.”

“ನಾನೇ ನಗಿಸಿದ್ದು.”

ಅವಳು ಕಿಂಡಿಯ ಕಡೆ ತಿರುಗಿದಳು. ಅಳುತ್ತಾಳೆ ಅಂದುಕೊಂಡ, ಅಳಲಿಲ್ಲ. ಬೈಯುತ್ತಾಳೆ ಅಂದುಕೊಂಡ, ಅದೂ ಇಲ್ಲ. “ನಾನು ಅಳೆದದ್ದೇ ತಪ್ಪೇನೋ ಅಂತ ಹತ್ತು ತಿಂಗಳು ದಿನಾ ಲೆಕ್ಕ ಹಾಕ್ದೆ ಸರ್,” ಎಂದಳು, ಕಂಬಕ್ಕೆ ಹೇಳುವ ಹಾಗೆ. “ಅಳತೆ ಹಗ್ಗ ಹಿಗ್ಗಿತ್ತೇನೋ, ಅದರ ತೂಕದ ಗುಂಡು ಓರೆಯಾಗಿತ್ತೇನೋ. ನಮ್ಮಮ್ಮಂಗೂ ನನ್ನ ಮೇಲೆ ಅನುಮಾನ ಬಂತು. ನಿಮ್ಮ ಕೈಲಿ ಒಂಬತ್ತು ನಿಮಿಷ ಆಗ್ಲಿಲ್ಲ.”

ಹತ್ತಾಯಿತು. ಅವನು ಫೋನು ತೆಗೆದು ಗಾಬಿರನಿಗೆ ಹಚ್ಚಿದ. ಆ ಕಡೆ ಇಂಜಿನ್ನಿನ ಸದ್ದು, ಯಾರೋ ಯಾರನ್ನೋ ಬೈಯುವುದು. ಆಗಲೇ ಹೊರಡುತ್ತಿದ್ದರು.

“ಬೇಗ ಹೇಳಪ್ಪ, ಬಲೆ ಎಲ್ಲ ಹೊರಗಿದೆ. ಇವತ್ತಿಗೆ ಒಂದೂವರೆ ಅಂತ ನಿನ್ನೆ ಅಂದಿದ್ಯಲ್ಲ?”

“ದೋಣಿ ಬಿಡ್ಬೇಡಿ ರೈಯಿಸ್. ಅಳಿವೇಲಿ ಎರಡು ಮುಕ್ಕಾಲು ದಾಟುತ್ತೆ.”

“ರಾತ್ರಿ ಬೆಳಗಾಗೋದ್ರಲ್ಲಿ ಒಂದೂವರೆ ಮರಿ ಹಾಕ್ತಾ? ಬಲೆ ಹೋದ್ರೆ ನಿಮ್ಮಪ್ಪ ಹೆಣೆದು ಕೊಡ್ತಾನಾ?”

“ಅದು ಹಳೇ ನಕ್ಷೆ. ಇಂಜಿನಿಯರಮ್ಮ ಅಳೆದದ್ದೇ ಸರಿ. ಜನವರಿಲಿ ನಿಮ್ಮ ದೋಣಿ ಮುರಿದದ್ದು ಅವರಿಂದ ಅಲ್ಲ, ನನ್ನಿಂದ.”

“ಗಾಳಿ ಕಣಯ್ಯಾ, ಏನೂ ಕೇಳ್ಸಲ್ಲ. ಇನ್ನೊಂದ್ಸಲ ಹೇಳು!”

ಲುತ್ಫಿ ಬಾಯಿಗೆ ಕೈ ಅಡ್ಡ ಹಿಡಿದು, ಸಮುದ್ರಕ್ಕೆ ಕೂಗುವವನಂತೆ ಕೂಗಿದ. “ನಿಮ್ಮ ದೋಣಿ ಮುರಿದದ್ದು ನನ್ನ ತಪ್ಪಿನಿಂದ! ಆ ಹೆಣ್ಣುಮಗಳದ್ದು ಏನೂ ತಪ್ಪಿಲ್ಲ!” ಆ ಕಡೆ ಇಂಜಿನ್ನು ಡುಗುಡುಗು ಎನ್ನುತ್ತಲೇ ಇತ್ತು. ಆಮೇಲೆ ಯಾರೋ ಅದನ್ನು ನಿಲ್ಲಿಸಿದರು.

“ಹಂಗಾದ್ರೆ ಇವತ್ತಿನ ಅಂಕಿ ಯಾರ್ದು?” ಗಾಬಿರನ ದನಿ ಈಗ ಹತ್ತಿರವಾಗಿತ್ತು. “ನಿಂದೋ ಅವಳದೋ?”

“ಅವರದ್ದು.”

“ಮತ್ತೆ ನೀನ್ಯಾಕೆ ಹೇಳ್ತಿದೀಯ?”

ಲುತ್ಫಿ ಫೋನನ್ನು ಕಿವಿಯಿಂದ ತೆಗೆದ. ಇನ್ಶಿರಾಹ್ ಕಂಬದ ಗೆರೆಯನ್ನು ಇನ್ನೊಮ್ಮೆ ನೋಡಿ, ಪುಸ್ತಕದಲ್ಲಿ ಗಂಟೆ ಬರೆದು ಎತ್ತರ ಬರೆದಳು, ಅವಸರ ಮಾಡಲಿಲ್ಲ. ಅವನು ಮಳೆಯಲ್ಲಿ ಫೋನನ್ನು ಅವಳತ್ತ ಚಾಚಿಕೊಂಡೇ ನಿಂತಿದ್ದ. ಅವಳು ಪೆನ್ಸಿಲ್ಲು ಕೆಳಗಿಟ್ಟು, ಅಂಗೈಯ ತೇವವನ್ನು ಶಾಲಿಗೆ ಒರೆಸಿಕೊಂಡು ಕೈ ನೀಡಿದಾಗ, ಫೋನಿನ ಮೇಲಿನ ನೀರನ್ನು ಕೋಟಿನ ಒಳಮಗ್ಗುಲಿಗೆ ಒಮ್ಮೆ ಉಜ್ಜಿ ಅವಳಿಗೆ ಕೊಟ್ಟ.